ಲಿಂಡನ್ ಮರಕ್ಕೆ ಶನಿವಾರದ ಪ್ರದಕ್ಷಿಣೆ

ಮರ ಕಂಡರೆ ನಮ್ಮ ಜನಕ್ಕೆ ಸುಮ್ಮನಿರಲಾಗುವುದಿಲ್ಲ ಎನ್ನುವುದು ನನ್ನ ಬಹುದಿನದ ಅನುಮಾನ. ಬೇರೆಯವರು ನೆರಳು ಸಿಕ್ಕಿತೆಂದು ಕೂರುತ್ತಾರೆ, ನಾವು ಸುತ್ತುತ್ತೇವೆ. ನಾನು ಮಾತ್ರ ಇದಕ್ಕೆ ಹೊರತು ಎಂದು ಬೀಗುತ್ತಿದ್ದೆ. ಮೈಸೂರಿನಲ್ಲಿ ಪರೀಕ್ಷೆಯ ಹೊತ್ತೊಂದನ್ನು ಬಿಟ್ಟರೆ ಅರಳಿಕಟ್ಟೆಯ ಕಡೆ ತಲೆಹಾಕಿದವಳಲ್ಲ ನಾನು. ಅಂಥವಳು ಈ ಸಿಯಾಟಲ್‌ನಲ್ಲಿ ಒಂದು ಮರದ ದೆಸೆಯಿಂದ ಪೊದೆಯ ಹಿಂದೆ ಕುಕ್ಕರುಗಾಲಲ್ಲಿ ಅಡಗಿ ಕೂರಬೇಕಾಯಿತು ಎಂದರೆ ನೀವು ನಗಬಾರದು. ನಕ್ಕರೂ ಸರಿ, ಪೂರ್ತಿ ಕೇಳಿ.

ಲಿನ್‌ವುಡ್‌ನ ಅಪಾರ್ಟ್‌ಮೆಂಟ್ ಬಿಟ್ಟು ನಾವು ಈ ಹಳೆಯ ಬೀದಿಗೆ ಬಂದ ದಿನವೇ ಪಕ್ಕದ ಮನೆಯ ಮಾರ್ಗರೆಟ್ ಆ್ಯಪಲ್ ಕೇಕಿನ ಜೊತೆ ಇಲ್ಲಿನ ಪಾರ್ಕಿನ ಇತಿಹಾಸವನ್ನೂ ಬಡಿಸಿದರು. ಎಂಬತ್ತು ದಾಟಿದರೂ ಪಾರ್ಕಿನ ಕಳೆ ಕೀಳುವುದರಲ್ಲಿ ಅವರೇ ಮುಂದು. ಜರ್ಮನಿಯಿಂದ ಬಂದ ಬಡಗಿಗಳು, ಬೇಕರಿಯವರು ಕಟ್ಟಿದ ಬಡಾವಣೆಯಂತೆ ಇದು. ಮಾರ್ಗರೆಟ್‌ರ ಅಜ್ಜನೂ ಅವರಲ್ಲೊಬ್ಬ. ತಮ್ಮೂರಿನ ನಡುವೆ ಇರುತ್ತಿದ್ದಂಥ, ಹೃದಯದಾಕಾರದ ಎಲೆಯ ಒಂದು ಲಿಂಡನ್ ಮರವನ್ನು ಇಲ್ಲಿಯೂ ನೆಟ್ಟು, ಭಾನುವಾರ ಅದರ ಕೆಳಗೆ ಸೇರಿ ಹಾಡುತ್ತಿದ್ದರಂತೆ. ಪಂಚಾಯಿತಿ, ಮದುವೆ ಮಾತುಕತೆ, ಕುಣಿತ ಎಲ್ಲ ಅಲ್ಲೇ. ಅಂದರೆ ನಮ್ಮ ಅರಳಿಕಟ್ಟೆಯೇ. ಬಿಯರ್ ಒಂದು ಹೆಚ್ಚಿಗೆ. ಆಮೇಲೆ ಜರ್ಮನಿಯ ಜೊತೆ ಯುದ್ಧ ಬಂತು. ಬೀದಿಯಲ್ಲಿ ಜರ್ಮನ್ ಮಾತಾಡಲು ಜನ ಹೆದರಿದರು. ಪಾರ್ಕಿನ ಜರ್ಮನ್ ಹೆಸರು ತೆಗೆದು ರಸ್ತೆಯ ನಂಬರನ್ನೇ ಹೆಸರಾಗಿ ಇಟ್ಟರು, ಹಾಡು ನಿಂತಿತು. "ಮರವನ್ನ ಮಾತ್ರ ನಿನ್ನ ಭಾಷೆ ಯಾವುದು ಅಂತ ಯಾರೂ ಕೇಳಲಿಲ್ಲ, ಅದಕ್ಕೇ ಉಳಿದುಕೊಂಡಿತು" ಎಂದು ಮಾರ್ಗರೆಟ್ ನಕ್ಕಿದ್ದರು. ನಾನು ಕೇಕ್ ತಿನ್ನುತ್ತಾ ತಲೆಯಾಡಿಸಿ, ಮರೆತೂಬಿಟ್ಟಿದ್ದೆ.

ಈ ವಸಂತದಲ್ಲಿ ಗದಗದಿಂದ ನಮ್ಮತ್ತೆ ಆರು ತಿಂಗಳಿಗೆಂದು ಬಂದರು. ಬಂದವರಿಗೆ ಒಂದೇ ಕೊರಗು, ಮೊಮ್ಮಗಳು ಧಾತ್ರಿಯದು. ಒಂಬತ್ತರ ಹುಡುಗಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅತ್ತೆ ಪ್ರೀತಿಯಿಂದ "ಬಾರವಾ, ರೊಟ್ಟಿ ತಿನ್ನು ಬಾ" ಎಂದರೆ ಅವಳು "ಐ ಆ್ಯಮ್ ನಾಟ್ ಹಂಗ್ರಿ, ಅಜ್ಜಿ" ಎನ್ನುವಳು. ಅದರಲ್ಲಿ ಅತ್ತೆಗೆ ತಿಳಿಯುತ್ತಿದ್ದುದು 'ಅಜ್ಜಿ' ಒಂದೇ. ಅಜ್ಜಿ ಮೊಮ್ಮಗಳು ಒಂದೇ ಸೋಫಾದ ಎರಡು ತುದಿಯಲ್ಲಿ ಪೆಚ್ಚಾಗಿ ಕೂತಿರುತ್ತಿದ್ದರು. ಮಗಳು ಕನ್ನಡದಲ್ಲಿ ಬಾಯಿ ಬಿಡಲಿ ಎಂದು ನಾನು ತಿರುಪತಿ ತಿಮ್ಮಪ್ಪನಿಗೆ ಮನಸ್ಸಿನಲ್ಲೇ ಹರಕೆ ಹೊತ್ತೆ. ಅತ್ತೆ ಇನ್ನೂ ಹತ್ತಿರದ ದಾರಿ ಹುಡುಕಿದರು. ಒಂದು ದಿನ ಪಾರ್ಕಿಗೆ ಹೋದವರು ಲಿಂಡನ್ ಮರದ ಮುಂದೆ ಚಪ್ಪಲಿ ಬಿಟ್ಟು ನಿಂತರು.

"ಅರಳಿ ಗಿಡ! ನೋಡವಾ, ಎಲಿ ನೋಡು."

"ಅತ್ತೆ, ಇದು ಲಿಂಡನ್ನು. ಅರಳಿ ಎಲೆಗೆ ತುದೀಲಿ ಉದ್ದಕ್ಕೆ ಬಾಲ ಇರತ್ತಲ್ವಾ?"

"ಇಲ್ಲೀ ಥಂಡಿಗೆ ಬಾಲ ಒಳಗ ಎಳಕೊಂಡದ, ಅಷ್ಟ. ನಿಮ್ಮ ಮೈಸೂರು ಮಂದಿಗೆ ಏನ ಗೊತ್ತದ?"

ಮೈಸೂರನ್ನೇ ಎಳೆದ ಮೇಲೆ ನಾನು ವಾದ ಬಿಟ್ಟು ಅವರ ಚಪ್ಪಲಿ ಕಾಯುತ್ತಾ ನಿಂತೆ. ಅಂದಿನಿಂದ ದಿನಾ ಬೀದಿಯವರು ಏಳುವ ಮುಂಚೆಯೇ ಪ್ರದಕ್ಷಿಣೆ, ಶನಿವಾರ ವಿಶೇಷ. ನಾನು ನಸುಕಿನಲ್ಲೇ ಆಫೀಸಿಗೆ ಹೊರಡುವಾಗ ಕಾರಿನಿಂದ ನೋಡಿದರೆ ಅತ್ತೆ ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟು, ಬರಿಗಾಲಲ್ಲಿ, ತಾಮ್ರದ ತಂಬಿಗೆ ಹಿಡಿದು ಸುತ್ತುತ್ತಿರುತ್ತಿದ್ದರು. ಬೇಸಿಗೆ ಮುಗಿಯುವಷ್ಟರಲ್ಲಿ ಮರದ ಬುಡದ ಹುಲ್ಲು ಸವೆದು, ಬಳೆಯ ಹಾಗೆ ದುಂಡನೆಯ ದಾರಿ ಬಿದ್ದಿತ್ತು.

ಅಷ್ಟರಲ್ಲಿ ಮರದ ನೆತ್ತಿ ಒಣಗತೊಡಗಿತು. ನೋಡಲು ಬಂದ ಮರದ ತಜ್ಞ, ಬುಡದ ಮಣ್ಣನ್ನು ಯಾರೋ ತುಳಿದು ತುಳಿದು ಗಟ್ಟಿ ಮಾಡಿದ್ದಾರೆ, ಬೇರಿಗೆ ಉಸಿರಾಡಲು ಜಾಗವಿಲ್ಲ, ಹೀಗೇ ಆದರೆ ಮರ ಹೋದ ಹಾಗೆಯೇ ಎಂದನಂತೆ. ಮಾರ್ಗರೆಟ್‌ರ ಮುಖ ಬಾಡಿಹೋಗಿತ್ತು. ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ತುಳಿದವರು ಯಾರೆಂದು ಚರ್ಚೆಯೋ ಚರ್ಚೆ. ಸೈಕಲ್ ಹುಡುಗರು ಎಂದರು ಒಬ್ಬರು, ಅನ್ಯಗ್ರಹದವರು ಎಂದರು ಇನ್ನೊಬ್ಬರು. ನಿಜ ಹೇಳಿದರೆ ಅತ್ತೆಯ ಹರಕೆ ಅರ್ಧಕ್ಕೆ ನಿಲ್ಲುತ್ತದೆ, ಅವರು ಊರಿಗೆ ಹೊರಡಲು ಉಳಿದಿರುವುದೇ ಕೆಲವು ವಾರ. ಹೇಳದಿದ್ದರೆ ಮರ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಾನು ಬಹಳ ಯೋಚಿಸಿ, "ಕಯೋಟಿ ಇರಬಹುದು" ಎಂದು ಬರೆದೆ, ಧಾತ್ರಿ ಹೆಗಲ ಹಿಂದಿನಿಂದ ಇಣುಕಿ ಓದಿದಳು. ಊರಂಚಿನ ತೋಳದಂಥ ಆ ಬಡಪ್ರಾಣಿ ವಾಟ್ಸಾಪ್ ನೋಡುವುದಿಲ್ಲವಲ್ಲ! ಹತ್ತಾರು ಮಂದಿ ಹೆಬ್ಬೆರಳು ಎತ್ತಿದರು.

ಶನಿವಾರ ಬೆಳಿಗ್ಗೆ ಎಲ್ಲರೂ ಮರದ ಹತ್ತಿರ ಸೇರಬೇಕೆಂದು ಮಾರ್ಗರೆಟ್ ಕರೆದರು. ಅತ್ತೆಯನ್ನು ಹೇಗಾದರೂ ಮನೆಯಲ್ಲೇ ತಡೆಯಿರಿ ಎಂದು ನಮ್ಮವರಿಗೆ ಹೇಳಿ ನಾನು ಮುಂದೆ ಹೋದೆ. ನಮ್ಮವರು ಒಂದಷ್ಟು ಹೊತ್ತು ತಡೆದು, ಆಮೇಲೆ ಆಫೀಸಿನ ಫೋನ್ ಕಾಲ್‌ನಲ್ಲಿ ಮುಳುಗಿದರು. ಸಭೆ ಶುರುವಾಗುತ್ತಿದ್ದಂತೆ ತಂಬಿಗೆ ಹಿಡಿದ ಅತ್ತೆ, ಹಿಂದೆ ಧಾತ್ರಿ, ಜನರ ನಡುವೆಯೇ ನುಗ್ಗಿ ಬಂದರು. ನನ್ನ ಕಾಲುಗಳು ನನ್ನನ್ನು ಕೇಳದೆಯೇ ರೋಡೊಡೆಂಡ್ರಾನ್ ಪೊದೆಯ ಹಿಂದಕ್ಕೆ ಹೋದವು. ಅತ್ತೆ ಯಾರನ್ನೂ ಲೆಕ್ಕಿಸದೆ ಚಪ್ಪಲಿ ಬಿಟ್ಟು ಸುತ್ತತೊಡಗಿದರು. ಪಾದ ಆ ದುಂಡು ದಾರಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಎಲ್ಲರಿಗೂ ಎಲ್ಲವೂ ತಿಳಿಯಿತು.

ಯಾಕೆ ಸುತ್ತುತ್ತಿದ್ದಾರೆಂದು ಮಾರ್ಗರೆಟ್ ಮೆಲ್ಲಗೆ ಧಾತ್ರಿಯನ್ನು ಕೇಳಿದರು. ಪ್ರಶ್ನೆ ಅರ್ಥವಾಗದಿದ್ದರೂ ಎಲ್ಲರ ಕಣ್ಣು ತಮ್ಮ ಮೇಲಿರುವುದು ಕಂಡು ಅತ್ತೆ ತಾವಾಗಿಯೇ ಹೇಳಿದರು: "ಈ ಕೂಸು ಒಮ್ಮೆರ ನನ್ನ ಕೂಡ ಕನ್ನಡದಾಗ ಮಾತಾಡ್ಲಿ ಅಂತ ಬೇಡ್ಕೊಂಡೇನಿ. ಊರಿಗೆ ಹೋಗೋದ್ರಾಗ ಕೇಳಬೇಕು."

ಧಾತ್ರಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾ ತಿರುಗಿಸುತ್ತಾ, 'ಈ ಕೂಸು' ತಾನೇ ಎಂದು ಹೊಳೆದು ನಡುವೆಯೇ ನಿಂತಳು. ಮಾರ್ಗರೆಟ್ ಮರದ ಕಾಂಡಕ್ಕೆ ಕೈಯಿಟ್ಟರು. ತಮ್ಮಜ್ಜಿ ಜರ್ಮನ್‌ನಲ್ಲಿ ಕರೆದಾಗಲೆಲ್ಲ ತಾವೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದುದಾಗಿ ಹೇಳಿದರು. ಈಗ ಒಂದು ಜೋಗುಳದ ಅರ್ಧ ಸಾಲು ಬಿಟ್ಟು ಬೇರೇನೂ ನೆನಪಿಲ್ಲವಂತೆ. ಆಮೇಲೆ ಕಣ್ಣೊರೆಸಿಕೊಂಡು, ಕಳೆ ಕೀಳುವಾಗಿನ ಗಟ್ಟಿ ದನಿಯಲ್ಲಿ, ಬುಡಕ್ಕೆ ದಪ್ಪನಾಗಿ ಮರದ ಚಕ್ಕೆ ಹರಡೋಣ, ಸುತ್ತುವ ದಾರಿಯನ್ನು ದೂರಕ್ಕೆ ಸರಿಸೋಣ, ಈ ಮರವನ್ನು ನೆಟ್ಟಿದ್ದೇ ಸುತ್ತ ಜನ ಸೇರಲಿ ಎಂದಲ್ಲವೇ ಎಂದರು.

"ಏನಂದ್ರು?" ಎಂದು ಕೇಳಿದರು ಅತ್ತೆ.

ಧಾತ್ರಿ ತುಟಿ ಕಚ್ಚಿದಳು. ನಾನು ಪೊದೆಯ ಸಂದಿಯಿಂದ ಕತ್ತು ಚಾಚಿದೆ.

"ನಿಲ್ಲಿಸ್ಬೇಡಿ ಅಂದ್ರು, ಅಜ್ಜಿ. ಸ್ವಲ್ಪ... ಸ್ವಲ್ಪ ದೂರದಿಂದ ಸುತ್ತಿ."

ಅತ್ತೆಯ ತಂಬಿಗೆ ವಾಲಿ ನೀರೆಲ್ಲ ಮರಕ್ಕೆ ಹೋಯಿತು. "ಅಯ್ಯ ನನ್ನ ಬಂಗಾರ!" ಎಂದು ಮೊಮ್ಮಗಳನ್ನು ಬಾಚಿ ತಬ್ಬಿಕೊಂಡರು. ನನಗೂ ಕಣ್ಣು ತುಂಬಿ ಬಂತು. ಎದ್ದು ಹೋಗಿ ನಾನೂ ತಬ್ಬಿಕೊಳ್ಳಬೇಕು ಎನ್ನುವಷ್ಟರಲ್ಲಿ ಅತ್ತೆ ಸುತ್ತಲೂ ನೋಡಿ, "ನಿಮ್ಮವ್ವ ಎಲ್ಲಿ ಹೋದ್ಲು?" ಎಂದರು.

ಧಾತ್ರಿ ಬೆರಳು ತೋರಿಸಿ, ಒಂದಕ್ಷರವೂ ತೊದಲದೆ ಹೇಳಿದಳು: "ಅಮ್ಮ ಆ ಪೊದೆ ಹಿಂದೆ ಬಚ್ಚಿಟ್ಕೊಂಡಿದಾಳೆ. ಕಯೋಟಿ ಅಂತ ಸುಳ್ಳು ಬರೆದಿದ್ದೂ ಅವಳೇ."

ಮಗಳು ಕನ್ನಡದಲ್ಲಿ ಬಾಯಿ ಬಿಡಲಿ ಎಂದು ನಾನು ಹರಕೆ ಹೊತ್ತಿದ್ದೇನೋ ನಿಜ. ಬಾಯಿ ಬಿಟ್ಟು ಏನು ಹೇಳಬೇಕೆಂದು ತಿಮ್ಮಪ್ಪನಿಗೆ ತಿಳಿಸುವುದನ್ನು ಮರೆತಿದ್ದೆ.