ಹಳೇ ಬ್ರಿಟಿಷ್ ಗಾಜು, ಜಪಾನಿನ ನಡುಕ

ಹಳೇ ಕಾಲದ ಬ್ರಿಟಿಷ್ ಗಾಜಿನ ಲೋಟ, ಬಟ್ಟಲುಗಳನ್ನು ಕೂಡಿಡುವ ಹುಚ್ಚು ಯಾರಿಗೆ ಬೇಕಾದರೂ ಹಿಡಿಯಬಹುದು. ಆದರೆ ನೆಲವೇ ಆಗಾಗ ಅಲುಗಾಡುವ ಜಪಾನಿಗೆ ಬಂದಮೇಲೆ ಹಿಡಿಯಬಾರದು. ನನಗೆ ಇಲ್ಲೇ ಹಿಡಿಯಿತು. ಅಂದಿನಿಂದ ಕಾವಾಸಾಕಿಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ನನ್ನ ಎದೆ ಡವಡವ ಅನ್ನದ ವಾರವಿಲ್ಲ, ಆಮೇಲೆ ಅದನ್ನೇ ನೆನೆದು ನಗದ ದಿನವೂ ಇಲ್ಲ.

ಯಾರನ್ನು ಹಿಡಿಯಬೇಕು?

ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ನನ್ನ ಫೋನು, ಯಜಮಾನರ ಫೋನು ಎರಡೂ ಒಟ್ಟಿಗೆ ಕಿರುಚಿಕೊಂಡವು. ಭೂಕಂಪದ ಎಚ್ಚರಿಕೆ! ಇವರು ಶಿನಾಗಾವಾದ ಆಫೀಸಿನಲ್ಲಿ ಕಲಿಸಿಕೊಟ್ಟ ಹಾಗೆ ಸರಕ್ಕನೆ ಊಟದ ಮೇಜಿನ ಕೆಳಗೆ ನುಗ್ಗಿದರು. ನಾನು ಸ್ಟವ್ ಆರಿಸಿದವಳೇ ಓಡಿಹೋಗಿ ಗಾಜಿನ ಸಾಮಾನಿನ ಅಲಮಾರಿಯನ್ನು ತಬ್ಬಿಕೊಂಡೆ. ಒಳಗೆ ಲೋಟಗಳು ಕಿಣಿಕಿಣಿ ಅನ್ನತೊಡಗಿದವು. ಒಂದೊಂದು ಕಿಣಿಗೂ ನನ್ನ ಜೀವ ಹೋಗಿ ಬರುತ್ತಿತ್ತು.

"ಏಯ್, ಅದನ್ನ ಬಿಟ್ಟು ಇಲ್ಲಿಗೆ ಬಾರೇ! ಮೈಮೇಲೆ ಬಿದ್ರೆ ಏನು ಗತಿ?"

"ಸುಮ್ನಿರಿ, ಈಗ ಮಾತಾಡಿಸ್ಬೇಡಿ!"

ನಡುಕ ನಿಂತಿತು. ಒಂದೂ ಒಡೆದಿರಲಿಲ್ಲ. ಇವರು ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿ, ಮುಖ ಊದಿಸಿಕೊಂಡು ಕೇಳಿದರು: "ಅಲ್ಲ, ಭೂಕಂಪ ಆದ್ರೆ ಹೆಂಡತಿ ಆದವಳು ಗಂಡನ್ನ ಹಿಡ್ಕೋಬೇಕೋ, ಅಲಮಾರೀನೋ?"

"ನೀವು ಒಡೆಯೋ ಸಾಮಾನಲ್ವಲ್ಲ ರೀ," ಅಂದೆ.

ತಳ ನೋಡುವ ಚಟ

ಹಳೇ ಗಾಜಿನ ಜಾತಕ ಇರುವುದು ಅದರ ತಳದಲ್ಲಿ. ಬಾಯಿಂದ ಊದಿ ಮಾಡಿದ ಲೋಟವಾದರೆ, ಹಿಡಿಯಲು ತಳಕ್ಕೆ ಅಂಟಿಸಿದ್ದ ಕಬ್ಬಿಣದ ಸಲಾಕೆಯಿಂದ ಅದನ್ನು ಮುರಿದು ಬಿಡಿಸಿದ ಕಡೆ ಹೊಕ್ಕಳಿನಂಥ ಒರಟು ಗುರುತು ಉಳಿದಿರುತ್ತದೆ. ಹಾಗಾಗಿ ಲೋಟ ಕಂಡರೆ ಬುಡಮೇಲು ಮಾಡುವುದು ನನ್ನ ಕೈಗೆ ಅಂಟಿದ ಚಟ.

ಒಂದು ದೇವಸ್ಥಾನದ ಅಂಗಳದಲ್ಲಿ ಹಳೇ ಸಾಮಾನಿನ ಸಂತೆ ನಡೆದಿತ್ತು. ಮುದುಕ ವ್ಯಾಪಾರಿಯೊಬ್ಬರು ಹರವಿಕೊಂಡಿದ್ದ ಸಾಮಾನಿನ ಮೂಲೆಯಲ್ಲಿ ಗಿಡ್ಡ ಕಾಲಿನ, ದಪ್ಪ ಪಾದದ ಲೋಟವೊಂದು ನಿಂತಿತ್ತು. ನೋಡಿದರೆ ಇಂಗ್ಲೆಂಡಿನ ಹಳೇ ಮಾಲೇ! ಅಷ್ಟರಲ್ಲಿ, ಪ್ರತಿ ಸಂತೆಯಲ್ಲೂ ನನಗಿಂತ ಮುಂಚೆ ಬಂದು ಒಳ್ಳೊಳ್ಳೆಯದನ್ನೆಲ್ಲ ಎತ್ತುವ ಒಬ್ಬ ಹ್ಯಾಟಿನ ಮಹಾಶಯರ ಕಣ್ಣೂ ಅದರ ಮೇಲೆ ಬಿತ್ತು. ಅವರು ಆ ಕಡೆಯಿಂದ ಬಿರಬಿರನೆ ಬಂದರು, ನಾನು ಈ ಕಡೆಯಿಂದ. ಅವರ ಕೈ ಚಾಚುವಷ್ಟರಲ್ಲಿ ನಾನು ಲಪಕ್ಕನೆ ಎತ್ತಿ, ಬುಡಮೇಲು ಮಾಡಿಯೇಬಿಟ್ಟೆ.

ಲೋಟದ ತುಂಬ ಟೀ ಇತ್ತು. ಅಷ್ಟೂ ವ್ಯಾಪಾರಿಯ ಮಡಿಲಿಗೆ ಸುರಿಯಿತು.

ಅದು ಅವರು ಕುಡಿಯುತ್ತಿದ್ದ ಲೋಟ. ನಾನು "ಸುಮಿಮಾಸೆನ್, ಸುಮಿಮಾಸೆನ್" ಅಂತ ಕ್ಷಮೆ ಕೇಳುತ್ತ ಬಗ್ಗಿದೆ. ಪಾಪ, ಲೋಟದಲ್ಲಿ ಟೀ ಇಟ್ಟುಕೊಂಡದ್ದೇ ತಮ್ಮ ತಪ್ಪು ಅನ್ನುವ ಹಾಗೆ ಅವರು ನನಗಿಂತ ಕೆಳಗೆ ಬಗ್ಗಿದರು. ಹ್ಯಾಟಿನ ಮಹಾಶಯರಿಗೆ ಮಾತ್ರ ಇನ್ನೂ ಆಸೆ ಹೋಗಿರಲಿಲ್ಲ.

"ತುಂಬಾ ಹಳೇದಾ?" ಅಂತ ಕೇಳಿದರು.

ವ್ಯಾಪಾರಿ ಪ್ಯಾಂಟು ಹಿಂಡಿಕೊಳ್ಳುತ್ತ, "ಇಲ್ಲ ಇಲ್ಲ, ಇವತ್ತು ಬೆಳಿಗ್ಗೆ ಕಾಸಿದ್ದು," ಅಂದರು.

ಟಿಂಙ್

ಸೀಸ ಬೆರೆತ ಒಳ್ಳೇ ಗಾಜನ್ನು ಉಗುರಿನಿಂದ ತಟ್ಟಿದರೆ ದೇವರ ಮನೆಯ ಗಂಟೆಯ ಹಾಗೆ ದನಿ ಎಳೆಯುತ್ತದೆ. ಇವರ ಕಂಪನಿಯ ಡಿನ್ನರಿಗೆ ಲಂಡನ್ ಆಫೀಸಿನ ದೊಡ್ಡವರೆಲ್ಲ ಬಂದಿದ್ದರು. ಇವರ ಪ್ರಮೋಶನ್ ಅವರ ಕೈಯಲ್ಲೇ ಇತ್ತು. "ಇವತ್ತೊಂದು ದಿನ ಲೋಟ ಬುಡಮೇಲು ಮಾಡ್ಬೇಡ ಮಾರಾಯ್ತಿ," ಅಂತ ಮನೆಯಲ್ಲೇ ಆಣೆ ಹಾಕಿಸಿಕೊಂಡಿದ್ದರು. ನಾನು ಬುಡಮೇಲು ಮಾಡಲಿಲ್ಲ. ಮೆಲ್ಲಗೆ ಒಮ್ಮೆ ತಟ್ಟಿದೆ, ಅಷ್ಟೆ.

ಟಿಂ...ಙ್!

ಲಂಡನ್ನಿನವರಿಗೆ ಲೋಟ ತಟ್ಟಿದರೆ ಯಾರೋ ಭಾಷಣ ಮಾಡುತ್ತಾರೆ ಅಂತ ಅರ್ಥ. ಎಲ್ಲರೂ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. ಅವರನ್ನು ನೋಡಿ ಜಪಾನಿಗಳೂ ಚಾಪ್‌ಸ್ಟಿಕ್ ಕೆಳಗಿಟ್ಟು ನೆಟ್ಟಗೆ ಕೂತರು. ಇವರ ಮುಖ ಸುಣ್ಣವಾಯಿತು. ಬೇರೆ ದಾರಿಯಿಲ್ಲದೆ ಎದ್ದು ನಿಂತೆ. ತಲೆಯಲ್ಲಿ ಲೋಟ ಬಿಟ್ಟು ಬೇರೇನೂ ಇರಲಿಲ್ಲ.

"ನೋಡೋಕೆ ತೆಳ್ಳಗಿದೆ," ಅಂದೆ. "ಆದ್ರೆ ದನಿ ದೂರದವರೆಗೆ ಹೋಗುತ್ತೆ. ಜೋಪಾನವಾಗಿ ನೋಡ್ಕೊಳ್ಳಿ. ಅರಿಗಾತೋ."

ಹೀಗೆ ಥ್ಯಾಂಕ್ಸ್ ಹೇಳಿ ಕೂತೆ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ! ಇವರ ಬಾಸ್ ಎದ್ದುಬಂದು, "ನಮ್ಮ ಟೋಕಿಯೋ ಟೀಮ್ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ," ಅಂದರು.

ವಾಪಸು ಬರುತ್ತ ರೈಲಿನಿಂದ ಇಳಿಯುವಾಗ ಇವರು ಅಂದರು: "ಇನ್ಮೇಲೆ ಪೇಪರ್ ಲೋಟ ಇರೋ ಪಾರ್ಟಿಗಷ್ಟೇ ನಿನ್ನ ಕರ್ಕೊಂಡು ಹೋಗೋದು."

ಕತ್ತಲೆಯ ತೀರ್ಪು

ಇದೆಲ್ಲಕ್ಕಿಂತ ನಾನು ಹೆಚ್ಚು ಬೆವರಿದ್ದು ಪಕ್ಕದ ಮನೆಯಲ್ಲಿ.

ಅಲ್ಲಿರುವ ಅಜ್ಜಿ ಒಂದು ಕಾಲದಲ್ಲಿ ಗಂಡನ ಜೊತೆ ಇಂಗ್ಲೆಂಡಿನಲ್ಲಿದ್ದವರು. ಅಲ್ಲಿ ತಾತ ಒಂದು ಹಸಿರು ಗಾಜಿನ ಬಟ್ಟಲು ಕೊಂಡಿದ್ದರಂತೆ. ಬಹಳ ಹಳೇ ಮಾಲು, ಯುರೇನಿಯಂ ಬೆರೆಸಿದ್ದು, ವಿಶೇಷ ಬೆಳಕಿನಲ್ಲಿ ಮಿಂಚುಹುಳುವಿನ ಹಾಗೆ ಹಸಿರಾಗಿ ಹೊಳೆಯುತ್ತದೆ ಅಂತ ಅಂಗಡಿಯವನು ಹೇಳಿದ್ದನಂತೆ. "ನಮ್ಮಣ್ಣನಿಗೆ ಅಲ್ಲಿ ಟೋಪಿ ಹಾಕಿದಾರೆ," ಅನ್ನುವುದು ಅಜ್ಜಿಯ ನಾದಿನಿಯ ವಾದ. ತಾತ ತೀರಿಕೊಂಡ ಮೇಲೂ ಜಗಳ ತೀರಿರಲಿಲ್ಲ.

ತಾತನ ತಿಥಿಯ ದಿನ ಅಜ್ಜಿ ಬಾಗಿಲು ತಟ್ಟಿದರು. "ಒಕುಸಾನ್," ಅಂದರು. ಇಲ್ಲಿ ಮದುವೆಯಾದ ಹೆಂಗಸರನ್ನು ಹಾಗೆ ಕರೆಯುತ್ತಾರೆ. "ಹಳೇ ಗಾಜು ಪರೀಕ್ಷೆ ಮಾಡೋ ಆ ವಿಶೇಷ ಬೆಳಕಿನ ಟಾರ್ಚ್ ನಿಮ್ಮ ಹತ್ರ ಇದೆಯಂತಲ್ಲ. ಇವತ್ತು ಇದೊಂದು ತೀರಿಸಿಬಿಡಿ."

ಹೋದೆ. ಬಟ್ಟಲನ್ನು ತಾತನ ಫೋಟೋದ ಮುಂದೆಯೇ ಇಟ್ಟಿದ್ದರು. ನಾದಿನಿ ಕೈಕಟ್ಟಿ ಕೂತಿದ್ದರು. ಪರದೆ ಎಳೆದು ಕೋಣೆ ಕತ್ತಲಾಗಿಸಿ ಟಾರ್ಚ್ ಒತ್ತಿದೆ.

ಬಟ್ಟಲು ಹೊಳೆಯಲಿಲ್ಲ. ಮಿಣುಕು ಅಂದರೆ ಮಿಣುಕೂ ಇಲ್ಲ. ತಿಥಿಯ ದಿನ, ಹೆಂಡತಿಯ ಎದುರು, ಗಂಡ ಮೋಸ ಹೋಗಿದ್ದರು ಅಂತ ಯಾವ ಬಾಯಲ್ಲಿ ಹೇಳಲಿ?

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಅವರು ಬಟ್ಟಲಿನ ಮೇಲೆ ಬಗ್ಗಿ, ಆಸೆಯಿಂದ ಬಾಯಿ ತೆರೆದು, "ಹೊಳೀತಿದೆಯಾ?" ಅಂದರು.

ಆ ಕತ್ತಲಲ್ಲಿ ಅಜ್ಜಿಯ ಹಲ್ಲಿನ ಸೆಟ್ಟು, ಮೇಲಿನ ಸಾಲು ಕೆಳಗಿನ ಸಾಲು ಎರಡೂ, ದೀಪಾವಳಿಯ ಹಾಗೆ ಝಗಝಗ ಹೊಳೆಯುತ್ತಿತ್ತು. ಹಿಂದೆ ಕಟ್ಟಿಸಿದ ಹಲ್ಲಿಗೂ ಯುರೇನಿಯಂ ಬೆರೆಸುತ್ತಿದ್ದರಲ್ಲ!

"ಹೊಳೀತಿದೆ," ಅಂದೆ. ಸುಳ್ಳಲ್ಲವಲ್ಲ!

"ಎಲ್ಲಿ ಹೊಳೀತಿದೆ?" ಅಂತ ನಾದಿನಿ ಎದ್ದುಬಂದರು. ಬಟ್ಟಲು ನೋಡಿದರು, ಅತ್ತಿಗೆಯ ಮುಖ ನೋಡಿದರು. ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. "ಅತ್ತಿಗೆ, ಬಟ್ಟಲಲ್ಲ... ನಿಮ್ಮ ಹಲ್ಲು!"

ಅಜ್ಜಿ ಥಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಅಜ್ಜಿ ನಿಧಾನವಾಗಿ ಕೈ ತೆಗೆದು, ಫೋಟೋದ ಕಡೆ ತಿರುಗಿ, ಪೂರ್ತಿ ಹಲ್ಲು ಕಾಣುವ ಹಾಗೆ ನಕ್ಕರು.

"ಇವನ್ನೂ ಇಂಗ್ಲೆಂಡಿನಲ್ಲಿ ಅವರೇ ಕಟ್ಟಿಸಿಕೊಟ್ಟಿದ್ದು," ಅಂದರು. "ಸದ್ಯ, ಹಲ್ಲಿನ ವಿಷಯದಲ್ಲಾದ್ರೂ ನಮ್ಮವರು ಮೋಸ ಹೋಗ್ಲಿಲ್ಲ!"