ಭಾವನವರ ಮಂಗಳಾರತಿ ಪಾಸ್

ನಮ್ಮ ಭಾವನವರು ಯಾರಿಗಾದರೂ ಏನನ್ನಾದರೂ ಕೈಯಿಂದ ಕೈಗೆ ಕೊಟ್ಟದ್ದನ್ನು ಕಂಡವರಿದ್ದರೆ ದಯವಿಟ್ಟು ಮುಂದೆ ಬನ್ನಿ, ಶಾಲು ಹೊದಿಸಿ ಸನ್ಮಾನ ಮಾಡಿಸುತ್ತೇನೆ! ಅಕ್ಕನ ಕೊರಳಿಗೆ ಕಟ್ಟಿದ ತಾಳಿಯೊಂದನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಅವರು ಎಸೆದೇ ಕೊಟ್ಟವರು.

ಇಂಗ್ಲಿಷರ ನಾಡಿನ ಫೆಲ್ಥಮ್‌ನಲ್ಲಿದ್ದ ಅವರ ಫ್ಲ್ಯಾಟಿನಲ್ಲಿ ಈರುಳ್ಳಿ, ಬೀಗದ ಕೈ, ಉಪ್ಪಿನ ಪ್ಯಾಕೆಟ್ಟು ಎಲ್ಲಕ್ಕೂ ವಿಮಾನಯೋಗ. ಸಿರಿವಂತರ ಬಡಾವಣೆ ಪಿನ್ನರ್‌ನಿಂದ ಟೈ ಕಟ್ಟಿಕೊಂಡು ಬಂದ ಗೌರವಾನ್ವಿತರೊಬ್ಬರಿಗೆ ಚಕ್ಕುಲಿ ಸೋಫಾದ ಆಚೆಯಿಂದ ಹಾರಿ ಬಂತು. ಚೌತಿಯ ದಿನ ತೆಂಗಿನಕಾಯಿ ಹಾರಿದಾಗ ಭಟ್ಟರು ಮಂತ್ರವನ್ನು ಅರ್ಧಕ್ಕೇ ಬಿಟ್ಟು ಗಣಪತಿಯ ಹಿಂದೆ ಅವಿತರು.

"ಹ್ವಾಯ್, ಅದ್ ಕಾಯಿ! ಚೆಂಡಲ್ಲ!" ಎಂದು ಅಕ್ಕ ಕೂಗಿಕೊಂಡಳು.

ಚೆಂಡಿನ ವಿಷಯಕ್ಕೆ ಬಂದೆ. ವಾರವಿಡೀ ಏರ್‌ಪೋರ್ಟಿನಲ್ಲಿ ಸೂಟ್‌ಕೇಸು ಹೊರುತ್ತಿದ್ದ ನಮ್ಮ ಕುಂದಾಪುರದ ಭಾವ ಭಾನುವಾರ ಕ್ವಾರ್ಟರ್‌ಬ್ಯಾಕ್! ಅಂದರೆ ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವ ನಾಯಕ. ಮುಂದೆ ಓಡಿಹೋಗಿ ಅದನ್ನು ಹಿಡಿಯುವವನು ರಿಸೀವರ್. ಕಾಲಿನಿಂದ ಆಡದ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರು ಅಂತ ನನ್ನನ್ನು ಕೇಳಬೇಡಿ. ಪಾರ್ಕಿನ ಆ ತಂಡದಲ್ಲಿ ಪೋಸ್ಟ್‌ಮನ್, ಪ್ಲಂಬರ್ ಎಲ್ಲ ಇಪ್ಪತ್ತರ ಆಸುಪಾಸಿನವರು. ಭಾವ ಮಾತ್ರ ನಲವತ್ತೈದು ದಾಟಿದವರು. ಓಡಿದರೆ ಅವರ ಮಂಡಿಯ ಸದ್ದು ಬಸ್‌ಸ್ಟಾಪಿನವರೆಗೆ ಕೇಳುತ್ತಿತ್ತು.

ಅವರದು ಒಂದೇ ನೀತಿ. ಯಾರು ಚೆಂಡು ಬಿಟ್ಟರೂ "ತಪ್ಪ್ ನಂದ್" ಎನ್ನುವುದು. ಈ ಚಟ ಮನೆಗೂ ಬಂದಿತ್ತು. ಅಕ್ಕ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿ ಬೀಳಿಸಿದರೆ ಹಾಲ್‌ನಿಂದ ಕೂಗು: "ತಪ್ಪ್ ನಂದ್!"

"ನೀವ್ ಇಲ್ಲಿ ಇರ್ಲೇ ಇಲ್ಯಲ್ಲ?"

"ಅದೇ ತಪ್ಪ್!"

ಇಂಥ ಮನೆಗೆ ತೊಂಬತ್ತರ ದಶಕದಲ್ಲಿ ನಾನು ಬಂದು ಬಿದ್ದೆ. ರೆಸ್ಟೋರೆಂಟೊಂದರಲ್ಲಿ ಮಾಣಿಯಾಗಿ ಸೇರಿ, ಗಿರಾಕಿಯೊಬ್ಬರ ತೊಡೆಗೆ ಮಸಾಲೆದೋಸೆ ಬಡಿಸಿ, ಕೆಲಸ ಕಳೆದುಕೊಂಡೆ. ಆಮೇಲೆ ನೀರಿನ ಲೋಟ ಹಿಡಿದರೂ ಕೈ ನಡುಗತೊಡಗಿತು. ಅದು ನಗುವ ವಿಷಯವಾಗಿರಲಿಲ್ಲ. ಕಿಟಕಿಯಾಚೆ ಹೋಗುವ ಪ್ರತಿ ವಿಮಾನವನ್ನು ನೋಡಿ "ಊರಿಗೆ ಹೋಗ್ತೆ ಅಕ್ಕಾ, ನನ್ನಿಂದ ಆತಿಲ್ಲೆ" ಎನ್ನುತ್ತಿದ್ದೆ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಭಾವ ಏನು ಮಾಡಿದರು ಗೊತ್ತೇ? ನೀರಿನ ಲೋಟ ಹಿಡಿಯಲಾರದವನನ್ನು ರಿಸೀವರ್ ಮಾಡಿದರು!

ನಾನು ಒಂದೂ ಹಿಡಿಯಲಿಲ್ಲ. ಚೆಂಡು ಬಂದರೆ ಬಲಗೈ ಮುಂದೆ, ಎಡಗೈ ಬೆನ್ನ ಹಿಂದೆ. ತಂಡದ ಕೋಚ್ ತಲೆ ಕೆರೆದುಕೊಂಡು, ಎಡಗೈಯನ್ನು ಡಾಕ್ಟರಿಗೆ ತೋರಿಸು ಎಂದ. ಕಾರಣ ಹೊಳೆದದ್ದು ಭಾವನಿಗೆ ಮಾತ್ರ.

"ಎಡಗೈ ಚಾಚಿರೆ ಅಜ್ಜಿ ಬೈತ್ರ್ ಅಂತಲ್ದಾ?"

ಹೌದಲ್ಲ! ಎಡಗೈಯಲ್ಲಿ ಏನನ್ನೂ ತೆಗೆದುಕೊಳ್ಳಬಾರದೆಂದು ಚಿಕ್ಕಂದಿನಲ್ಲಿ ತಿಂದ ಪೆಟ್ಟು ಥೇಮ್ಸ್ ದಾಟಿದರೂ ಬಿಟ್ಟಿರಲಿಲ್ಲ.

"ಮಂಗಳಾರತಿಗೆ ಎರಡೂ ಕೈ ಒಡ್ಡೂದಿಲ್ಯಾ ಮಾರಾಯ? ಹಾಂಗೇ ಹಿಡಿ ಕಾಂಬ" ಎಂದರು.

ಸಟನ್ ತಂಡದೊಂದಿಗೆ ಪಂದ್ಯ. ಮೊದಲನೆಯದನ್ನು ಬಿಟ್ಟೆ. "ತಪ್ಪ್ ನಂದ್." ಎರಡನೆಯದನ್ನೂ ಬಿಟ್ಟೆ. "ತಪ್ಪ್ ನಂದ್." ಬೇರೆಯವರಿಗೆ ಎಸೆಯಿರಿ ಎಂದು ಪ್ಲಂಬರ್ ರೇಗಿದ. ಭಾವ ಅವನ ಬೆನ್ನು ತಟ್ಟಿ, ಮೈದಾನವೆಲ್ಲ ಕೇಳುವಂತೆ ಕೂಗಿದರು: "ಮಂಗಳಾರತೀ!"

ಚೆಂಡು ಬಂತು. ಎರಡೂ ಕೈ ಒಡ್ಡಿದೆ. ಹಿಡಿದೇಬಿಟ್ಟೆ! ಎದುರಿಗೆ ಖಾಲಿ ಮೈದಾನ. ಕೊನೆಯ ಗೆರೆ ದಾಟುವವರೆಗೆ ಓಡಿದರೆ ಗೆಲುವು. ಆದರೆ ನಾನು ಓಡಿದೆನೇ? ಅಲ್ಲೇ ನಿಂತು, ಚೆಂಡನ್ನು ಹೆಲ್ಮೆಟ್ಟಿನ ಮೇಲೆಯೇ ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ!

ಸಟನ್‌ನವರಿಗೆ ದೇವರ ಭಯ ಎಲ್ಲಿಂದ ಬರಬೇಕು? ಎಲ್ಲರೂ ಒಟ್ಟಿಗೇ ನನ್ನ ಮೇಲೆ ಬಿದ್ದರು. ಪಂದ್ಯ ಸೋತೆವು. ಆದರೆ ಅಷ್ಟು ಜನರ ಅಡಿಯಲ್ಲೂ ಚೆಂಡು ನನ್ನ ಕೈ ಬಿಟ್ಟಿರಲಿಲ್ಲ. ಭಾವ ನನ್ನನ್ನು ಎಳೆದೆಬ್ಬಿಸಿ ತಂಡದವರ ಕಡೆ ತಿರುಗಿ, ಇಂಗ್ಲಿಷಿನಲ್ಲಿ ತಪ್ಪು ತನ್ನದೆಂದು ಸಾರಿದರು. ನನಗೆ ಮೆಲ್ಲಗೆ, "ಮಂಗಳಾರತಿ ಅಂದದ್ ನಾನೇ ಅಲ್ದಾ?" ಎಂದರು. ನಾನು ಮತ್ತೆ ಊರಿನ ಟಿಕೆಟ್ಟಿನ ಮಾತೆತ್ತಲಿಲ್ಲ. ಬೇರೊಂದು ರೆಸ್ಟೋರೆಂಟಿಗೆ ಸೇರಿ ಎರಡೂ ಕೈಯಲ್ಲಿ ಟ್ರೇ ಹಿಡಿದೆ.

ಹತ್ತು ವರ್ಷದ ಮೇಲೆ ಭಾವನ ಬಲಭುಜ ಸವೆದುಹೋಗಿ ಆಪರೇಷನ್ ಆಯಿತು. ನೋಡಲು ಹೋದೆ. ಅಕ್ಕ ಕಿತ್ತಳೆ ತಂದಿಟ್ಟಳು. ಕೈಗೆ ಕೊಡುವ ಮನುಷ್ಯನೇ? ನನ್ನತ್ತ ಎಸೆದರು. ಹಣ್ಣು ಅವರ ಕಾಲ ಬಳಿಯೇ ಬಿದ್ದು ಉರುಳಿತು.

ಭಾವ ಅದನ್ನೇ ನೋಡುತ್ತ ಕುಳಿತರು. ನಾನು ಬಗ್ಗಿ ಹಣ್ಣನ್ನು ಹೆಕ್ಕಿಕೊಂಡೆ.

"ತಪ್ಪ್ ನಂದ್ ಭಾವ, ನಾನೇ ದೂರ ನಿಂತದ್ದ್" ಎಂದು ಹಣ್ಣನ್ನು ಅವರ ಕೈಗಿಟ್ಟು, ಅವರ ಮಂಡಿಯೆದುರೇ ನೆಲದ ಮೇಲೆ ಕೂತೆ. "ಇನ್ನೊಂದ್ ಸಲ ಎಸೀರಿ, ಕಾಂಬ."

ಎಸೆದರು. ಎರಡೂ ಕೈಯೊಡ್ಡಿ ಹಿಡಿದು ಕಣ್ಣಿಗೊತ್ತಿಕೊಂಡೆ. ಈ ಸಲ ಯಾರೂ ನನ್ನ ಮೇಲೆ ಬಂದು ಬೀಳಲಿಲ್ಲ.