ಚಂದ್ರಿ ಕಂಡ ಚೌಕ

ಡ್ರಾಯಿಂಗ್ ಮಾಸ್ತರನ ಹಣೆಬರಹವೇ ಅಷ್ಟು. ಗಣಿತದ ಮಾಸ್ತರನಿಗೆ ಹೆದರುತ್ತಾರೆ, ಕನ್ನಡದ ಮಾಸ್ತರನಿಗೆ ಕೈಮುಗಿಯುತ್ತಾರೆ, ಡ್ರಾಯಿಂಗ್ ಮಾಸ್ತರನಿಗೆ ಮದುವೆಮನೆಯ ಬೋರ್ಡು ಬರೆದುಕೊಡಲು ಹೇಳುತ್ತಾರೆ. ಖಾನಾಪುರದ ಹೈಸ್ಕೂಲಿನಲ್ಲಿ ನಾನು ಸವೆಸಿದ ಖಡುವಿಗೆ, ಅಂದರೆ ಸೀಮೆಸುಣ್ಣಕ್ಕೆ, ಲೆಕ್ಕವಿಲ್ಲ. ಆದರೂ ನನ್ನ ಕಲೆಯನ್ನು ಮನಸಾರೆ ಮೆಚ್ಚಿದ್ದು ಒಂದೇ ಜೀವ. ಅದು ವಡಗಾವಿಯ ನಮ್ಮ ಮನೆಯ ಬೆಕ್ಕು, ಚಂದ್ರಿ.

ಆಗ ನಮ್ಮ ಓಣಿಯಲ್ಲಿ ಬೆಳಗಾದರೆ ಮಗ್ಗದ ಸದ್ದು. ಆ ಗದ್ದಲದಲ್ಲೂ ಚಂದ್ರಿಗೆ ಚೌಕವೊಂದು ಕಂಡರೆ ಸಾಕು, ಹೋಗಿ ನಡುವೆ ಕೂತುಬಿಡುತ್ತಿತ್ತು. ಮಡಿಸಿಟ್ಟ ಸೀರೆ, ಹರವಿದ ಪೇಪರು, ಕೊನೆಗೆ ನೆಲದ ಮೇಲೆ ನಾನು ಗೀಚಿದ ಬರೀ ಗೆರೆಯಾದರೂ ನಡೆದೀತು. ಅವ್ವ ನಗುತ್ತಿದ್ದಳು: “ಹಿಂದಿನ ಜನ್ಮದಾಗ ಇದು ಹೊಲದ ಲೆಕ್ಕಾ ಬರಿಯೋ ತಲಾಟಿ ಇತ್ತು ಕಾಣಸ್ತೈತಿ. ಗಡಿ ಕಂಡ ಕೂಡ್ಲೆ ಕುಂದರತೈತಿ ನೋಡು!”

ಎಪ್ಪತ್ತರ ದಶಕದ ಕೊನೆ. ಮಾಸ್ತರನೆಂದು ಒಪ್ಪಿ, ಡ್ರಾಯಿಂಗ್ ಎಂದು ಕೇಳಿ ಹಿಂದೆಗೆದ ಸಂಬಂಧಗಳು ಎರಡಾಗಿದ್ದವು. ಮೂರನೆಯದು ಪಾರಿಶ್ವಾಡದ್ದು. ಹುಡುಗಿಯನ್ನು ನೋಡಿ ಬಂದ ಮೇಲೆ ಮೂರು ದಿನ ನನಗೆ ಊಟ ಸೇರಿರಲಿಲ್ಲ. ಇದೂ ತಪ್ಪಿದರೆ ಗತಿಯೇನು ಎಂದು ಒಳಗೊಳಗೇ ಬೆವರುತ್ತಿದ್ದೆ. ಆಕೆಯ ಅಜ್ಜ, ಎಲ್ಲರೂ ಮುತ್ಯಾ ಅನ್ನುವವರು, ನಮ್ಮ ಮನೆ ನೋಡಲು ಬರುವವರಿದ್ದರು. ದೊಡ್ಡವರು ಊಟಕ್ಕೆ ಕೂರುವ ಜಾಗದ ಸುತ್ತ ರಂಗೋಲಿಯ ಚೌಕ ಬರೆಯುವುದು ನಮ್ಮಲ್ಲಿ ಪದ್ಧತಿ. ಆ ಕೆಲಸವನ್ನು ಅವ್ವ ನನಗೆ ಕೊಟ್ಟಳು.

ಸುಮ್ಮನೆ ನಾಲ್ಕು ಗೆರೆ ಎಳೆದಿದ್ದರೆ ಮುಗಿಯುತ್ತಿತ್ತು. ಆದರೆ ಕಲಾವಿದನಲ್ಲವೇ ನಾನು! ಗೆರೆ ಎಳೆಯದೆ ನಾಲ್ಕು ಮೂಲೆಗೆ ರಂಗೋಲಿ ಪುಡಿಯ ನಾಲ್ಕು ದುಂಡು ತುಂಬಿದೆ. ಪ್ರತಿ ದುಂಡಿನಲ್ಲೂ ನಡುವಿಗೆ ಮುಖಮಾಡಿದ ಕಾಲುಭಾಗ ಖಾಲಿ ಬಿಟ್ಟೆ, ಮುರಿದ ರೊಟ್ಟಿಯ ಹಾಗೆ. ದಿಟ್ಟಿಸಿದರೆ ನಡುವೆ ಇಲ್ಲದ ಚೌಕ ಎದ್ದು ಕಾಣುತ್ತದೆ.

“ಎಲ್ಲೈತೋ ಚೌಕ?” ಎಂದಳು ಅವ್ವ.

“ಕಣ್ಣ ಕೂಡಸ್ಕೋತೈತಿ ಬಿಡ ಬೇ.”

ಕೂಡಿಸಿಕೊಂಡದ್ದು ಚಂದ್ರಿಯ ಕಣ್ಣು. ಮುತ್ಯಾ ಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಅದು ಇಲ್ಲದ ಆ ಚೌಕದ ನಟ್ಟನಡುವೆ ಕಾಲು ಮಡಚಿ ಕೂತಿತ್ತು. ಅವ್ವನ ಮುಖ ಬಿಳಿಚಿತು. ಮೂರನೆಯದೂ ಹೋಯಿತು!

“ಯಾರ ಜಾಗಾನವಾ ಇದು?” ಮುತ್ಯಾ ಕೇಳಿದರು.

“ನಿಮ್ದೇ ರೀ ಯಪ್ಪಾ,” ಅಂದಳು ಅವ್ವ.

ನಾನು ಬಾಯಿಮುಚ್ಚಿಕೊಂಡಿರಬೇಕಿತ್ತು. “ಇಲ್ಲೊಂದು ಚೌಕ್ ಐತ್ರಿ, ಅದಕ್ಕ ಕುಂತೈತಿ,” ಎಂದೆ.

ಅವರು ಬಗ್ಗಿ ನೋಡಿದರು. “ನನಗೇನ್ ಕಾಣವಲ್ದಪಾ. ನಾಕ್ ಮುರುಕ ರೊಟ್ಟಿ ಅದಾವು, ಅಷ್ಟ. ಇರಲಿ, ಬಾಜೂಕ ನನಗೂ ಒಂದು ಹಾಕು.”

ಹಾಕಿದೆ. ಮುತ್ಯಾ ಮತ್ತು ಚಂದ್ರಿ ಅಕ್ಕಪಕ್ಕ ಕೂತರು. ಹೋಳಿಗೆಯ ತುಣುಕೊಂದನ್ನು ತುಪ್ಪದಲ್ಲಿ ಅದ್ದಿ ಅವರೇ ಅದಕ್ಕೆ ಕೊಟ್ಟರು. ಹೋಗುವಾಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದರು: “ಹುಡುಗಿ ಕೊಟ್ಟೀವಿ.”

ಈಗ ಅವ್ವ ಇಲ್ಲ, ಚಂದ್ರಿ ಇಲ್ಲ. ನನ್ನ ಕಲೆ ನೋಡಿಯೇ ಹುಡುಗಿ ಕೊಟ್ಟರೆಂದು ಮದುವೆಯಾಗಿ ಎಷ್ಟೋ ವರ್ಷ ಬೀಗುತ್ತಿದ್ದೆ. ಒಮ್ಮೆ ಹೆಂಡತಿಯ ಮುಂದೆಯೂ ಜಂಬ ಕೊಚ್ಚಿದೆ. ಅವಳು ಬಿದ್ದು ಬಿದ್ದು ನಕ್ಕಳು.

“ನಿಮ್ಮ ಚಿತ್ರಾನೂ ಇಲ್ಲ, ಮಣ್ಣೂ ಇಲ್ಲ! ಮುತ್ಯಾ ಮನಿಗೆ ಬಂದು ಏನಂದಾ ಗೊತ್ತೇನ್ರಿ? ‘ಹುಡುಗ ಸ್ವಲ್ಪ ಅರೆಹುಚ್ಚ ಅದಾನ. ಆದರ ಬೀಗರ ಜಾಗಾದಾಗ ಬೆಕ್ಕು ಕುಂತ್ರೂ ಒಂದ್ ಏಟ್ ಹಾಕಲಿಲ್ಲ. ಅಂಥವನ ಮನ್ಯಾಗ ನಮ್ಮ ಹುಡುಗಿ ಸುಖಲೆ ಇರ್ತಾಳ’ ಅಂದಾ.”

ನಾನು ದೊಡ್ಡ ಸಾಧುವಿನಂತೆ ತಲೆದೂಗಿದೆ. ಖರೇ ಹೇಳಬೇಕೆಂದರೆ, ಅಂದು ಮುತ್ಯಾ ಬಗ್ಗಿ ನೋಡುತ್ತಿದ್ದಾಗ ಚಂದ್ರಿಯ ಬೆನ್ನಿಗೊಂದು ಏಟು ಬಿಡಲು ಅವರ ಹಿಂದೆ ಕೈ ಎತ್ತಿಯೇ ಇದ್ದೆ. ಅದು ಗಾಬರಿಯಾಗಿ ಓಡಿದರೆ ನನ್ನ ರಂಗೋಲಿ ಕೆಟ್ಟೀತೆಂದು ಇಳಿಸಿದೆ, ಅಷ್ಟೆ.